ಟೈಲರ್ ಅಂಗಡಿ ಎದುರು ಬೀಳುತ್ತಿದ್ದ ಸಿಗ್ನಲ್

"ನಿಮ್ಮ ಕೈಚೀಲದಲ್ಲಿ ಏನಿದೆ?"

ಕತ್ತಲೆಯೊಳಗಿಂದ ಬಂದ ಗಂಡು ದನಿಗೆ ಅವಳು ಬೆಚ್ಚಿಬಿದ್ದಳು. ಕೆಲಸಕ್ಕೆ ಸೇರಿದ ಮೊದಲ ದಿನ ಅದು. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿದ್ದದ್ದು ಕಣ್ಣಿಗೆ ಬಿದ್ದಿತ್ತು. ಆದರೆ ಆಫೀಸಿನ ದೀಪಗಳು ಹೇಗೂ ಸುಮ್ಮನೆ ಉರಿಯುತ್ತಲೇ ಇರುತ್ತವೆ ಎಂದುಕೊಂಡು ಬಾಗಿಲು ತಳ್ಳಿ ಒಳಗೆ ಬಂದುಬಿಟ್ಟಿದ್ದಳು.

"ಚೀಲದಲ್ಲಾ... ಛತ್ರಿ, ಬಾಚಣಿಗೆ, ಊಟದ ಡಬ್ಬಿ..."

"ಮೊಬೈಲು?"

ಅವನು ಕೇಳಿದ್ದೇ ತಡ, ತನ್ನನ್ನೇ ಕರೆದರೇನೋ ಎಂಬಂತೆ ಅದು ಚೀಲದೊಳಗಿಂದ ಕಿರುಚಿಕೊಂಡಿತು. ಅಮ್ಮನ ಕರೆ! ಮಗಳು ಆಫೀಸು ಸೇರಿದಳೋ ಇಲ್ಲವೋ ಎಂಬ ಚಿಂತೆ ಅಮ್ಮನಿಗೆ.

ದೀಪ ಹೊತ್ತಿತು. ನೆಲ, ಗೋಡೆ, ಮಾಡು, ಬಾಗಿಲ ಒಳಮೈ... ಎಲ್ಲೆಲ್ಲೂ ಮೊಳದುದ್ದದ ಕಪ್ಪು ಸ್ಪಂಜಿನ ಮೊನೆಗಳು. ಅವುಗಳ ನಡುವೆ ಮರದ ಕಂಬವೊಂದರ ಮೇಲೆ ಅಂಗೈಯಗಲದ ಆಂಟೆನಾ. ಪಕ್ಕದಲ್ಲಿ ಬರಿಗಾಲಲ್ಲಿ ನಿಂತಿದ್ದ ಒಬ್ಬ ಉದ್ದನೆಯ ಮನುಷ್ಯ. ಉಕ್ಕಿ ಒಲೆಗೆ ಹರಿದ ಹಾಲನ್ನು ನೋಡುವವರ ಮುಖ ಹೇಗಿರುತ್ತದೋ ಹಾಗಿತ್ತು ಅವನ ಮುಖ.

ಹಿಂದಿನ ಬೆಳಗ್ಗೆಯಿಂದ ಅವನು ಆ ಆಂಟೆನಾದ ಅಳತೆ ತೆಗೆಯುತ್ತಿದ್ದನಂತೆ. ಹೊರಗಿನ ಒಂದು ಅಲೆಯೂ ಒಳಗೆ ನುಸುಳದಂತೆ, ಒಳಗಿನದು ಗೋಡೆಗೆ ಬಡಿದು ಮರಳದಂತೆ ಕಟ್ಟಿದ ಕೋಣೆ ಅದು. ಈ ಪುಣ್ಯಾತ್ಗಿತ್ತಿ ಅದರ ಬಾಗಿಲು ಹಾರುಹೊಡೆದು, ಆಫ್ ಮಾಡದ ಮೊಬೈಲನ್ನೇ ಹೊತ್ತು ತಂದಿದ್ದಳು. ಇನ್ನು ಎಲ್ಲ ಮೊದಲಿನಿಂದ.

"ಮೊದಲ ಪಾಠ ಕೇಳಿಸ್ಕೊಳ್ಳಿ," ಎಂದ. ದನಿ ಏರಿಸಲಿಲ್ಲ. "ಇಲ್ಲಿ ಮನುಷ್ಯ ಅಂದ್ರೆ ಉಪ್ಪುನೀರು ತುಂಬಿದ ಚೀಲ, ಅಷ್ಟೇ. ಅಲೆ ಹೋಗೋ ದಾರೀಲಿ ಆ ಚೀಲ ಅಡ್ಡ ನಿಲ್ಲಬಾರದು. ಯಾರೇ ಆಗಿರ್ಲಿ."

"ಹಾಗಾದ್ರೆ ನೀವು ಸ್ವಲ್ಪ ಉದ್ದದ ಚೀಲ."

ಅಯ್ಯೋ... ಮನಸ್ಸಿನಲ್ಲಿ ಅಂದುಕೊಂಡದ್ದು ಬಾಯಿಂದ ಜಾರಿಯೇಬಿಟ್ಟಿತ್ತು. ಅವನು ನಗಲಿಲ್ಲ. ಆದರೆ ತುಟಿಯ ಒಂದು ಕೊನೆ ಮಾತ್ರ ಯಜಮಾನನ ಅಪ್ಪಣೆ ಕೇಳದೆ ಒಂದಿಷ್ಟು ಅಲುಗಿತು.

ಆ ಕೋಣೆಯಲ್ಲಿ ಸದ್ದೂ ಮರಳಿ ಬರುವುದಿಲ್ಲ. ಇಬ್ಬರೂ ಸುಮ್ಮನಾದಾಗ ಅವಳಿಗೆ ತನ್ನದೇ ಎದೆಬಡಿತ ಕಿವಿಯಲ್ಲಿ ಕೇಳಿಸತೊಡಗಿತು. 'ಭಯಕ್ಕೆ,' ಎಂದು ತನಗೆ ತಾನೇ ಹೇಳಿಕೊಂಡಳು. ಪಾಪ... ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಪದಕ ಗೆದ್ದವಳೇ. ಆದರೂ ಆ ಸದ್ದಿನ ಮೂಲ ಪತ್ತೆ ಹಚ್ಚಲು ಅವಳಿಗೆ ಇಪ್ಪತ್ತು ವರ್ಷ ಹಿಡಿಯಿತು.

ಅವನನ್ನು ಎಲ್ಲರೂ ಮೌನಿ ಎಂದೇ ಕರೆಯುತ್ತಿದ್ದರು. ಆ ಕಪ್ಪು ಕೋಣೆಯಲ್ಲಿ ಕೂತೂ ಕೂತೂ ಮಾತು ಮರೆತುಹೋಗಿದೆ ಎಂಬುದು ಆಫೀಸಿನ ನಗೆಮಾತು. ಹೊಸ ಆಂಟೆನಾ ರೂಪಿಸುವುದು ಅವನ ಕೆಲಸ. ಅವುಗಳಿಂದ ಹೊರಟ ಅಲೆ ಊರೊಳಗೆ ಹೇಗೆ ಸಾಗುತ್ತದೆ, ಎಲ್ಲಿ ಸಾಯುತ್ತದೆ ಎಂದು ಕಂಡುಹಿಡಿಯುವುದು ಅವಳದು. ಇಬ್ಬರಿಗೂ ಮೇಲಿದ್ದವರು ದೊಡ್ಡ ಮೇಷ್ಟ್ರು. ಎಲ್ಲರನ್ನೂ 'ಮಗೂ' ಎಂದೇ ಕರೆಯುವ, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಇಡೀ ಲ್ಯಾಬ್ ಹುಡುಕಿಸುವ ಮನುಷ್ಯ.

ಆ ಕಾಲಕ್ಕೆ ಅವರು ಹಿಡಿದಿದ್ದದ್ದು ತೀರ ಕಿರಿದಾದ ಅಲೆಗಳನ್ನು. ಅಪಾರ ಮಾಹಿತಿ ಹೊರಬಲ್ಲವು, ಆದರೆ ಬಲು ನಾಜೂಕು. ಗೋಡೆ ದಾಟಲಾರವು. ಅಂಗೈ ಅಡ್ಡ ಹಿಡಿದರೂ ಅಲ್ಲೇ ನಿಂತುಬಿಡುತ್ತವೆ. ಇಂಥ ಅಲೆಯನ್ನು ನಂಬಿ ಮುಂದೊಂದು ದಿನ ಜನ ಬೀದಿಯಲ್ಲಿ ನಡೆಯುತ್ತಾ ಮಾತಾಡಬಹುದೇ? ಅದನ್ನು ತಿಳಿಯಲು ಲ್ಯಾಬಿನ ಹಿಂದಿನ ಓಣಿಯನ್ನೇ ಆರಿಸಿಕೊಂಡರು.

ಮೊದಲ ಮಹಡಿಯ ಕೋಣೆಯೊಂದರ ಕಿಟಕಿಯ ಗಾಜು ತೆಗೆಸಿದರು. ಕೋಣೆಯ ಒಳಭಾಗದಲ್ಲಿ ಮುಕ್ಕಾಲಿಯ ಮೇಲೆ ಆಂಟೆನಾ. ಅದರ ಮುಂದೆ, ಕಿಟಕಿಯ ಬುಡದಲ್ಲಿ, ಸಿಗ್ನಲ್ ಹುಟ್ಟಿಸುವ ಪೆಟ್ಟಿಗೆ. ಬಿಸಿಯಾದಂತೆಲ್ಲ ದಾರಿ ತಪ್ಪುವ ಜಾಯಮಾನ ಅದರದು. ಹಾಗಾಗಿ ಮೌನಿ ಗಿಡ್ಡ ಸ್ಟೂಲಿನ ಮೇಲೆ ಕೂತು ಹಸುಗೂಸನ್ನು ನೋಡಿಕೊಂಡಂತೆ ಅದರ ತಿರುಪು ತಿರುಗಿಸುತ್ತಲೇ ಇರಬೇಕಿತ್ತು. ಅಲೆ ಅವನ ತಲೆಯ ಮೇಲಿಂದ ಹಾದು, ಕಿಟಕಿ ದಾಟಿ, ಓಣಿಗೆ ಇಳಿಯುತ್ತಿತ್ತು.

ಕೆಳಗೆ ಅವಳು. ನಾಲ್ಕು ಚಕ್ರದ ತಳ್ಳುಗಾಡಿಯ ಮೇಲೆ ರಿಸೀವರು, ಬ್ಯಾಟರಿ, ಕಂಪ್ಯೂಟರು. ಕಿವಿಗೆ ಹೆಡ್‌ಫೋನು. ಸಿಗ್ನಲ್ ಚೆನ್ನಾಗಿದ್ದರೆ ಅದರಲ್ಲಿ ಗಟ್ಟಿ ಸಿಳ್ಳೆ, ಕುಗ್ಗಿದರೆ ಸಣ್ಣ ಸಿಳ್ಳೆ. ಬೇಕರಿಯಿಂದ ಹೊರಟು, ಟೈಲರ್ ಅಂಗಡಿ ದಾಟಿ, ಅಂಚೆ ಡಬ್ಬಿಯವರೆಗೆ ಆಮೆಯ ಹಾಗೆ ತಳ್ಳಿಕೊಂಡು ಹೋಗಬೇಕು. ಓಣಿಯ ಮಕ್ಕಳು ಹಿಂದೆ ಬಿದ್ದು, "ಏನಕ್ಕಾ ಮಾರೋದು?" ಎಂದು ಕೇಳುತ್ತಿದ್ದರು.

ಬೋಳುತಲೆಯ ಟೈಲರಿಗಂತೂ ಇದು ದಿನದ ಮನರಂಜನೆ. "ಅಳತೆ ನಾನೂ ತಗೊಳ್ತೀನಿ, ನೀವೂ ತಗೊಳ್ತೀರಿ. ನನ್ನ ಅಳತೆಗೆ ಕೊನೇಪಕ್ಷ ಒಂದು ಅಂಗಿಯಾದ್ರೂ ಆಗುತ್ತೆ ತಾಯೀ..." ಎಂದು ಕಿಚಾಯಿಸುತ್ತಿದ್ದ.

ಮೇಲಿಂದ ಕೆಳಕ್ಕೆ ಮಾತಾಡಲು ಇಬ್ಬರ ಕೈಯಲ್ಲೂ ವಾಕಿಟಾಕಿ. ಅದರದು ಉದ್ದನೆಯ ಅಲೆ. ಅಡ್ಡ ಬಂದವರನ್ನು ಸುತ್ತಿ ಬಳಸಿ ಹೋಗುತ್ತದೆ.

"ಗಾಡಿ ಮೇಡಂ, ಕೇಳಿಸ್ತಿದೆಯಾ?"

"ಕೇಳಿಸ್ತಿದೆ, ಹೇಳಿ."

ದಿನವೂ ಅಳತೆ ಶುರುವಾಗುತ್ತಿದ್ದದ್ದು ಹೀಗೆ. ಮುಖಾಮುಖಿ ಕೂತರೆ ಮೂರು ಮಾತಿಗೆ ಸುಸ್ತಾಗುತ್ತಿದ್ದ ಮೌನಿ ವಾಕಿಟಾಕಿ ಹಿಡಿದರೆ ಬೇರೆಯೇ ಮನುಷ್ಯ! ಬೇಕರಿಯಲ್ಲಿ ಈಗಷ್ಟೇ ಬ್ರೆಡ್ ಇಳಿಸಿದ್ದಾರಾ, ವಾಸನೆ ಮೇಲಿನವರೆಗೆ ಬರ್ತಿದೆ ಎನ್ನುತ್ತಿದ್ದ. ಮೇಷ್ಟ್ರ ಕನ್ನಡಕ ಇವತ್ತು ಪ್ರಿಂಟರಿನೊಳಗೆ ಸಿಕ್ಕಿತು ಎನ್ನುತ್ತಿದ್ದ. ಅವಳು ಗಾಡಿ ತಳ್ಳುತ್ತಾ ಒಬ್ಬಳೇ ನಗುವುದನ್ನು ಕಂಡು ದಾರಿಹೋಕರು ತಿರುಗಿ ನೋಡುತ್ತಿದ್ದರು.

ಟೈಲರ್ ಅಂಗಡಿಯ ಮುಂಭಾಗಕ್ಕೆ ದೊಡ್ಡ ಗಾಜು. ಹೊಲಿದ ಬಟ್ಟೆ ಹಾಕಿಕೊಂಡವರು ನೋಡಿಕೊಳ್ಳಲೆಂದು ಒಳಗೊಂದು ಆಳೆತ್ತರದ ಕನ್ನಡಿ. ಅಲ್ಲಿಗೆ ಬಂದಾಗ ಅವಳ ಗಾಡಿ ತಾನಾಗಿ ನಿಲ್ಲುತ್ತಿತ್ತು. ಹೆಡ್‌ಫೋನಿನ ಪಟ್ಟಿ ಕೂದಲನ್ನೆಲ್ಲ ಕೆದರಿಹಾಕಿರುತ್ತಿತ್ತಲ್ಲ... ಕಿಟಕಿಗೆ ಬೆನ್ನು ಹಾಕಿ, ಕನ್ನಡಿ ನೋಡುತ್ತಾ, ಕ್ಲಿಪ್ಪನ್ನು ಹಲ್ಲಲ್ಲಿ ಕಚ್ಚಿ ಕೂದಲು ಕಟ್ಟಿಕೊಳ್ಳುತ್ತಿದ್ದಳು.

ಅಳತೆ ಮುಗಿದ ಮೇಲೆ ಮೇಲೆ ಹೋಗಿ ಅವನ ಎದುರು ಕೂರಬೇಕಲ್ಲ? ಅದಕ್ಕೇ ಕೂದಲು. ಆದರೆ ಇದನ್ನು ಅವಳ ಬಾಯಿಂದ ಹೊರಡಿಸಲು ಪೊಲೀಸರಿಗೂ ಆಗುತ್ತಿರಲಿಲ್ಲ.

ಸರಿಯಾಗಿ ಅಲ್ಲಿಯೇ ಸಿಗ್ನಲ್ ಬೀಳುತ್ತಿತ್ತು.

ಮೊದಮೊದಲು ಅವಳು ಗಮನ ಕೊಡಲಿಲ್ಲ. ಆಮೇಲೆ ಕಂಪ್ಯೂಟರಿನ ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದಾಗ ಕಣ್ಣರಳಿತು. ಬೇರೆಬೇರೆ ದಿನ, ಜಾಗ ಮಾತ್ರ ಅದೇ. ಟೈಲರ್ ಅಂಗಡಿ ಎದುರು ಗೆರೆ ಹಳ್ಳಕ್ಕೆ ಬೀಳುತ್ತದೆ!

'ಗಾಜು!' ಎಂದಿತು ಅವಳ ಮನಸ್ಸು. ಕಿಟಕಿಯಿಂದ ನೇರ ಬಂದ ಅಲೆಯೂ ಗಾಜಿಗೆ ಬಡಿದು ಬಂದ ಅಲೆಯೂ ಆ ಜಾಗದಲ್ಲಿ ಒಂದನ್ನೊಂದು ಅಳಿಸಿಹಾಕುತ್ತಿರಬೇಕು. ಹಾಳೆಗಟ್ಟಲೆ ಲೆಕ್ಕ ಹಾಕಿದಳು. ಕೂಡಿಬಂತು! ಕೆಲವೊಮ್ಮೆ ಗಾಡಿಯನ್ನು ಅಲ್ಲೇ ನಿಲ್ಲಿಸಿ ಟೇಪು ಹಿಡಿದು ರಸ್ತೆ ಅಳೆಯುವಾಗ ಸಿಗ್ನಲ್ ಬೀಳುತ್ತಿರಲಿಲ್ಲ. ಅಂಗಡಿಯ ಗಾಜಿನ ಬಾಗಿಲು ತೆರೆದಿದ್ದಿರಬೇಕು ಎಂದುಕೊಂಡಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಾರಲ್ಲ, ಆ ಮೊಲ ಅವಳ ಮಡಿಲಲ್ಲಿ ಬೆಚ್ಚಗೆ ಕೂತಿತ್ತು.

ದೊಡ್ಡ ಮೇಷ್ಟ್ರಿಗೆ ಸಂಭ್ರಮವೋ ಸಂಭ್ರಮ. ಇದನ್ನು ಪ್ರಬಂಧವಾಗಿ ಬರೆದು ಕಳಿಸು, ಇದರ ಬಲದ ಮೇಲೆ ದೂರದ ದೊಡ್ಡ ಸಂಸ್ಥೆಯ ಫೆಲೋಶಿಪ್ಪಿಗೆ ನಿನ್ನ ಹೆಸರು ಹೇಳುತ್ತೇನೆ ಎಂದರು. ಅವಳು ಕರಡನ್ನು ಮೊದಲು ಓದಲು ಕೊಟ್ಟದ್ದು ಮೌನಿಗೆ. 'ಅವನಿಗೆ ಇಷ್ಟವಾದರೆ... ಆವತ್ತೇ ಹೇಳಿಬಿಡ್ತೀನಿ,' ಎಂದು ನಿರ್ಧರಿಸಿದ್ದಳು. ಏನು ಹೇಳುವುದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅವನು ಏನೂ ಹೇಳಲಿಲ್ಲ. ವಾಕಿಟಾಕಿಯಲ್ಲೂ ಮಾತು ನಿಂತಿತು. ಎರಡು ದಿನದ ಬಳಿಕ ಎಲ್ಲರೂ ಸೇರಿದ ಸಭೆಯಲ್ಲಿ, ಅವಳು ತನ್ನ ಗೆರೆಗಳನ್ನು ಪರದೆಯ ಮೇಲೆ ತೋರಿಸಿ ಮುಗಿಸಿದ ಮೇಲೆ, ಮೌನಿ ಎದ್ದು ನಿಂತ.

"ಟೈಲರ್ ಅಂಗಡಿ ಎದುರಿನ ಅಳತೆಗಳನ್ನ ಕೈಬಿಡಬೇಕು. ಅವು ನಂಬೋ ಹಾಗಿಲ್ಲ."

ಕಾರಣವೇನು ಎಂದು ಮೇಷ್ಟ್ರು ಕೇಳಿದರು. ಅವನು ಒಮ್ಮೆ ಅವಳತ್ತ ನೋಡಿದ. ಆಮೇಲೆ ಕೋಣೆ ತುಂಬ ಕೂತಿದ್ದ ಗಂಡಸರತ್ತ ನೋಡಿದ. ಅವಳೊಬ್ಬಳೇ ಹೆಂಗಸು ಅಲ್ಲಿ.

"ಕಾರಣ ಹೇಳಿ," ಎಂದಳು ಅವಳೂ.

"ನಂಬೋ ಹಾಗಿಲ್ಲ... ಅಷ್ಟೇ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಿಗ್ನಲ್ ಕಳಿಸುತ್ತಿದ್ದವನೇ ಸರಿಯಿಲ್ಲ ಎಂದ ಮೇಲೆ ಪ್ರಬಂಧ ನಿಲ್ಲುವುದು ಹೇಗೆ? ಮೇಷ್ಟ್ರು ನಿಟ್ಟುಸಿರಿಟ್ಟು ಅದನ್ನು ತಡೆಹಿಡಿದರು. ಫೆಲೋಶಿಪ್ ಇನ್ನೊಬ್ಬನ ಪಾಲಾಯಿತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

'ನಾನು ಮುಂದೆ ಹೋಗೋದು ಅವನಿಗೆ ಬೇಡವಾಯ್ತು,' ಎಂದುಕೊಂಡಳು. 'ಎಲ್ಲರ ಹಾಗೇ ಅವನೂ...' ಫೆಲೋಶಿಪ್ ಹೋದದ್ದಕ್ಕಿಂತ ಆ 'ಅವನೂ' ಅವಳನ್ನು ಹೆಚ್ಚು ಸುಟ್ಟಿತು.

ಮೊಗಸಾಲೆಯಲ್ಲಿ ಅವನು ಅಡ್ಡ ಬಂದು, ಒಂದು ನಿಮಿಷ ಒಬ್ಬಳೇ ಸಿಕ್ಕರೆ ಮಾತಾಡಬೇಕು ಎಂದ. ಅವಳು ಅವನ ಮುಖ ನೋಡದೆ, ದಾರಿ ಬಿಡಿ ಎಂದಳು. ವಾರದೊಳಗೆ ರಾಜೀನಾಮೆ ಕೊಟ್ಟು, ಬೇರೆ ಊರಿನ ಲ್ಯಾಬಿಗೆ ಸೇರಲು ಸಾಮಾನು ಕಟ್ಟತೊಡಗಿದಳು. ಮೊಬೈಲನ್ನು ಆಫ್ ಮಾಡಿಟ್ಟಳು.

ಆಗ ಮನೆಯ ಫೋನು ಬಡಿದುಕೊಂಡಿತು.

ಅವಳ ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ತಲೆ ಹಣ್ಣಾದವಳು. ಗಂಡನಿಲ್ಲದ ಸಂಸಾರವನ್ನು ಆ ಬೋರ್ಡಿನ ಮುಂದೆ ಕೂತೇ ದಡ ಮುಟ್ಟಿಸಿದವಳು. ಲೈನಿನ ಮೇಲೆ ಸುಳ್ಳು ಹೇಳಬಾರದು ಎಂಬುದು ಅವಳ ವ್ರತ. ಆದರೆ ಆವತ್ತು ಮಗಳು ಕೈಮುಗಿದು ತಲೆಯಾಡಿಸಿದಾಗ, ರಿಸೀವರಿನಲ್ಲಿ ಆ ತರಬೇತಿಯ ದನಿಯಲ್ಲೇ, ಅವಳು ಮನೇಲಿಲ್ಲ ಎಂದುಬಿಟ್ಟಳು. ಪಕ್ಕದಲ್ಲಿ ಅಳು ನುಂಗುತ್ತಿದ್ದ ಮಗಳಿಗೆ ಕೆಮ್ಮು ಬಂತು. ಆಮೇಲೆ ಲೈನು ಕಟ್ಟಾಯಿತು.

"ಪಾಪದ ಹುಡುಗನ ದನಿ ಕಣೇ," ಎಂದಳು ಅಮ್ಮ. "ನೀನೇ ಒಂದ್ಸಲ ಮಾಡಿ ಮಾತಾಡು."

"ನಾನ್ಯಾಕೆ ಮಾಡ್ಲಿ?"

"ಅದೂ ಸರಿಯೇ. ಲೈನು ಕಟ್ಟಾದ್ರೆ ಮೊದಲು ಮಾಡಿದವರೇ ಮತ್ತೆ ಮಾಡ್ಬೇಕು. ಇನ್ನೊಬ್ಬರು ಲೈನು ಖಾಲಿ ಇಟ್ಕೊಂಡು ಕಾಯ್ಬೇಕು. ಇಬ್ರೂ ಒಟ್ಟಿಗೆ ಮಾಡಿದ್ರೆ ಇಬ್ರಿಗೂ ಎಂಗೇಜೇ ಸಿಗೋದು."

ಊರು ಬಿಡುವವರೆಗೂ ಅವಳು ಫೋನಿನ ಆಸುಪಾಸಿನಲ್ಲೇ ಸುಳಿದಾಡಿದಳು. ಬಾಯಲ್ಲಿ ಬೈಗುಳ, ಕಿವಿ ಮಾತ್ರ ಆ ಕಡೆಗೆ. ಅವನು ಮತ್ತೆ ಮಾಡಲಿಲ್ಲ.

ಕಾಲ ಯಾರಿಗಾಗಿ ನಿಂತಿದೆ? ಹೊಸ ಲ್ಯಾಬಿನಲ್ಲಿ ಅವಳು ಹಗಲಿರುಳು ದುಡಿದಳು. ಬಸ್ಸು, ಸಂತೆ, ಆಸ್ಪತ್ರೆಯ ಮೊಗಸಾಲೆ... ಜನ ಕಿಕ್ಕಿರಿದ ಕಡೆಯಲ್ಲೆಲ್ಲ ಗಾಡಿ ತಳ್ಳಿಕೊಂಡು ಅಳೆದಳು. ಸಿಗ್ನಲಿಗೆ ಮನುಷ್ಯ ಅಡ್ಡ ಬಂದಾಗ ಏನಾಗುತ್ತದೆ ಎಂಬುದೇ ಅವಳ ಜೀವಮಾನದ ವಿಷಯವಾಯಿತು. ಅದರಲ್ಲೇ ಹೆಸರು ಮಾಡಿದಳು, ಪೇಟೆಂಟು ಪಡೆದಳು, ಕೊನೆಗೆ ನಿರ್ದೇಶಕಿಯೂ ಆದಳು. ಉಪ್ಪುನೀರಿನ ಚೀಲ ಎಂಬ ಮಾತನ್ನು ತನ್ನ ವಿದ್ಯಾರ್ಥಿಗಳಿಗೂ ಹೇಳುತ್ತಿದ್ದಳು. ಯಾರು ಹೇಳಿದ ಮಾತೆಂದು ಮಾತ್ರ ಹೇಳುತ್ತಿರಲಿಲ್ಲ.

ಟೈಲರ್ ಅಂಗಡಿಯ ಗೆರೆಗಳನ್ನು ಅವಳು ಮತ್ತೆಂದೂ ತೆರೆದು ನೋಡಲಿಲ್ಲ. ಹುಣ್ಣನ್ನು ಕೆರೆದುಕೊಳ್ಳುವ ಹುಚ್ಚು ಯಾರಿಗಿದೆ?

ಗಂಡುಗಳು ಬಂದವು, ಹೋದವು. ಒಬ್ಬನಿಗೆ ಮಾತು ಹೆಚ್ಚು, ಇನ್ನೊಬ್ಬನಿಗೆ ಎತ್ತರ ಕಡಿಮೆ, ಮತ್ತೊಬ್ಬ ಸುಮ್ಮಸುಮ್ಮನೆ ನಗುತ್ತಾನೆ ಎಂದು ಬೇಡವೆಂದಳು. ಒಂದು ದಿನ ಅಮ್ಮ ಚಹಾ ಸೋಸುತ್ತಾ, "ಹಾಗಾದ್ರೆ ಮಾತು ಕಡಿಮೆ ಇರೋ, ಉದ್ದಕ್ಕಿರೋ, ನಗದೇ ಇರೋ ಗಂಡು ಬೇಕು ಅನ್ನು," ಎಂದಳು. ಮಗಳು ಎದ್ದು ಹೋದಳು. ಅಮ್ಮ ಮತ್ತೆ ಆ ಸುದ್ದಿ ಎತ್ತಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ದೊಡ್ಡ ಮೇಷ್ಟ್ರ ಫೋನು. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದ ಅವರ ದನಿ ಸಣ್ಣಗಾಗಿತ್ತು.

"ಹಳೇ ಕಟ್ಟಡ ಕೆಡವ್ತಿದ್ದಾರೆ ಮಗೂ. ಹಿಂದಿನ ಗೋಡೆ ಆಗಲೇ ಬಿತ್ತು. ಓಣಿ ಕಡೆ ಕಿಟಕಿ ಮಾತ್ರ ಉಳಿದಿದೆ. ಟೈಲರ್ ಅಂಗಡಿ ಹೋಗಿ ಔಷಧಿ ಅಂಗಡಿ ಬಂದಿದೆ, ಆ ಗಾಜೂ ಇಲ್ಲ, ಕನ್ನಡೀನೂ ಇಲ್ಲ. ಈಗ ಒಂದ್ಸಲ ಅಳೆದ್ರೆ ನೀನು ಸರಿಯೋ ಅವನು ಸರಿಯೋ ಗೊತ್ತಾಗುತ್ತಲ್ವಾ?"

ಹೌದಲ್ಲ! ಗಾಜು ಇಲ್ಲದ ಮೇಲೆ ಸಿಗ್ನಲ್ ಬೀಳಬಾರದು. ಬೀಳದಿದ್ದರೆ ಅವಳ ಲೆಕ್ಕ ಸರಿ. ಇಪ್ಪತ್ತು ವರ್ಷ ತಡವಾದರೂ ಸರಿಯೇ, ಅವನ ಮುಖದೆದುರು ನಿಂತು ಒಂದೇ ಮಾತು ಕೇಳಬಹುದು... ಯಾಕೆ ಹಾಗೆ ಮಾಡಿದಿರಿ ಎಂದು. ಕಟ್ಟಡ ಬಿದ್ದ ಮೇಲೆ ಆ ಪ್ರಶ್ನೆಗೆ ನಿಲ್ಲಲು ನೆಲವೇ ಇರುವುದಿಲ್ಲ.

"ಅವರು ಇನ್ನೂ ಅಲ್ಲೇ ಇದ್ದಾರಾ?" ಎಂದಳು, ಆದಷ್ಟು ಸಾದಾ ದನಿಯಲ್ಲಿ.

"ಎಲ್ಲಿಗೆ ಹೋಗ್ತಾನೆ? ಆ ಹಳೇ ಪೆಟ್ಟಿಗೆ ಅವನ ಕೈ ಬಿಟ್ಟು ಬೇರೆಯವರ ಮಾತು ಕೇಳಲ್ಲ," ಎಂದು ಮೇಷ್ಟ್ರು ನಕ್ಕರು. "ಮದುವೆನೂ ಆಗ್ಲಿಲ್ಲ, ಮಹಾನುಭಾವ."

ಅವಳು ಹೋದ ದಿನ ಬಿಸಿಲು ಚೆನ್ನಾಗಿತ್ತು. ಕಪ್ಪು ಕೋಣೆಯ ಸ್ಪಂಜಿನ ಮೊನೆಗಳನ್ನೆಲ್ಲ ಕಿತ್ತು ಅಂಗಳದಲ್ಲಿ ರಾಶಿ ಹಾಕಿದ್ದರು. ಅವಳು ಒಂದನ್ನು ಎತ್ತಿ ಮುಟ್ಟಿ ನೋಡಿದಳು. ಬೆರಳಿಗೆ ಕಪ್ಪು ಪುಡಿ ಅಂಟಿತು. ಆ ಕೋಣೆಯಲ್ಲಿ ಮೊದಲ ದಿನ ಕೇಳಿದ ತನ್ನ ಎದೆಬಡಿತ ನೆನಪಾಗಿ, ಅದನ್ನು ಮೆಲ್ಲಗೆ ರಾಶಿಯ ಮೇಲಿಟ್ಟಳು.

ಮೊದಲ ಮಹಡಿಯಲ್ಲಿ ಅವನು ಪೆಟ್ಟಿಗೆಯ ಧೂಳು ಒರೆಸುತ್ತಿದ್ದ. ಕೂದಲು ಅರ್ಧಕ್ಕರ್ಧ ಬೆಳ್ಳಗಾಗಿತ್ತು. ಎತ್ತರ ಹಾಗೆಯೇ ಇತ್ತು, ಅದೇ ಗಿಡ್ಡ ಸ್ಟೂಲೂ. ಹಿಂದಿನ ಗೋಡೆ ಇರಬೇಕಾದ ಕಡೆ ಬರೀ ಆಕಾಶ.

"ಬಂದ್ರಾ?" ಎಂದ.

"ಬಂದೆ," ಎಂದಳು.

ಇಪ್ಪತ್ತು ವರ್ಷದ ಕೋಪವನ್ನು ಕಟ್ಟಿಕೊಂಡು ಬಂದವಳಿಗೆ ಅದರ ಗಂಟು ಬಿಚ್ಚಲು ಬರಲಿಲ್ಲ. ಅವನು ವಾಕಿಟಾಕಿ ಕೊಡುವಾಗ ಬೆರಳು ತಾಗದಂತೆ ಎಚ್ಚರ ವಹಿಸಿದ. ಆ ಎಚ್ಚರವೇ ಅವಳಿಗೆ ತಾಗಿತು.

ಓಣಿಯಲ್ಲಿ ಬೇಕರಿ ಹಾಗೇ ಇತ್ತು. ಅಂಚೆ ಡಬ್ಬಿ ಬಣ್ಣ ಕಳೆದುಕೊಂಡು ಓರೆಯಾಗಿ ನಿಂತಿತ್ತು. ಈಗಿನ ಮಕ್ಕಳಿಗೆ ಗಾಡಿಯ ಕುತೂಹಲವಿಲ್ಲ, ಎಲ್ಲರೂ ಮೊಬೈಲು ನೋಡುತ್ತಾ ನಡೆಯುತ್ತಿದ್ದರು. ಆ ಮೊಬೈಲುಗಳೊಳಗಿನ ಅಲೆಗಾಗಿ ತಾನು ಇಲ್ಲಿ ಎಷ್ಟು ಬೆವರಿದ್ದೆ ಎಂದು ನೆನೆದು ಅವಳಿಗೆ ನಗು ಬಂತು.

"ಮೇಡಂ, ಕೇಳಿಸ್ತಿದೆಯಾ?"

'ಗಾಡಿ' ಎಂಬ ಮಾತು ಬಿಟ್ಟುಹೋಗಿತ್ತು. ಅವಳಿಗೆ ಅದು ಗೊತ್ತಾಯಿತು.

"ಕೇಳಿಸ್ತಿದೆ, ಹೇಳಿ."

ಅವಳು ಗಾಡಿ ತಳ್ಳಿದಳು. ಹೆಡ್‌ಫೋನಿನಲ್ಲಿ ಗಟ್ಟಿ ಸಿಳ್ಳೆ. ಬೇಕರಿ ದಾಟಿತು. ಔಷಧಿ ಅಂಗಡಿ ಹತ್ತಿರವಾಯಿತು. ಸಿಳ್ಳೆ ಗಟ್ಟಿಯಾಗಿಯೇ ಇತ್ತು. 'ನಾನೇ ಸರಿ... ನೋಡು, ನಾನೇ ಸರಿ!' ಗೆದ್ದೆ ಎನ್ನುವಾಗ ಆಗಬೇಕಾದ ಖುಷಿ ಮಾತ್ರ ಯಾಕೋ ಬರಲೊಲ್ಲದು.

ಆ ಜಾಗಕ್ಕೆ ಬಂದಾಗ ಗಾಡಿ ತಾನಾಗಿ ನಿಂತಿತು. ಕನ್ನಡಿ ಇಲ್ಲವೆಂದು ಗೊತ್ತು. ಆದರೆ ಕೈಗೆ ಗೊತ್ತಿರಲಿಲ್ಲ. ಅದು ತನ್ನ ಪಾಡಿಗೆ ಮೇಲೇರಿ, ಹೆಡ್‌ಫೋನಿನ ಪಟ್ಟಿಯಡಿ ಕೆದರಿದ ನರೆಗೂದಲನ್ನು ಹಿಂದಕ್ಕೆ ಸರಿಸಿ ಕ್ಲಿಪ್ಪು ಹಾಕಿತು.

ಸಿಳ್ಳೆ ಒಮ್ಮೆ ಸಣ್ಣಗೆ ನಡುಗಿತು. ಆಮೇಲೆ ಮೆಲ್ಲನೆ ಕುಸಿದುಹೋಯಿತು.

ಅವಳ ಕೈ ಕೂದಲಲ್ಲೇ ನಿಂತಿತು. ಗಾಜು ಇಲ್ಲ. ಆದರೂ ಬಿತ್ತು. ಅಷ್ಟೇ ಅಲ್ಲ... ಬೀಳುವ ಮುನ್ನ ಹೀಗೆ ನಡುಗುವುದು, ಹೀಗೆ ಮೆಲ್ಲಗೆ ಇಳಿಯುವುದು... ಈ ಸದ್ದನ್ನು ಬಸ್ಸಿನಲ್ಲಿ, ಸಂತೆಯಲ್ಲಿ, ಆಸ್ಪತ್ರೆಯಲ್ಲಿ ಅವಳು ಸಾವಿರ ಸಲ ಕೇಳಿದ್ದಾಳೆ. ನಿದ್ದೆಯಲ್ಲಿ ಕೇಳಿಸಿದರೂ ಗುರುತು ಹಿಡಿಯಬಲ್ಲಳು.

'ಇದು ಗಾಜಲ್ಲ. ಇದು ಮನುಷ್ಯ.'

ಅವಳು ತಿರುಗಿ ಕಿಟಕಿಯತ್ತ ನೋಡಿದಳು.

ಆಗೆಲ್ಲ ಬಿಸಿಲಿನಲ್ಲಿ ಆ ಕಿಟಕಿ ಓಣಿಗೆ ಬರೀ ಕಪ್ಪು ಚೌಕವಾಗಿ ಕಾಣುತ್ತಿತ್ತು. ಈಗ ಹಿಂದಿನ ಗೋಡೆ ಬಿದ್ದು ಬೆಳಕು ಆಚೆಯಿಂದ ಈಚೆಗೆ ಹಾದು ಬರುತ್ತಿತ್ತು. ಆ ಬೆಳಕಿನಲ್ಲಿ, ಆಂಟೆನಾಕ್ಕೆ ಸರಿಯಾಗಿ ಅಡ್ಡವಾಗಿ, ಒಂದು ಉದ್ದನೆಯ ಆಕೃತಿ ಸ್ಟೂಲು ಬಿಟ್ಟು ಎದ್ದು ನಿಂತಿತ್ತು. ಕಿಟಕಿಯ ಚೌಕಟ್ಟಿಗೆ ಕೈ ಊರಿ, ಕತ್ತು ಮುಂದೆ ಮಾಡಿ, ಅವಳನ್ನೇ ನೋಡುತ್ತಿತ್ತು.

ವಾಕಿಟಾಕಿಯನ್ನು ಬಾಯ ಹತ್ತಿರ ತಂದಳು.

"ಯಾಕೆ ಎದ್ದು ನಿಂತ್ರಿ?"

ಆ ಆಕೃತಿ ಬೆಚ್ಚಿತು. ಈಗಷ್ಟೇ ಅವನಿಗೂ ತಾನು ನಿಂತಿರುವುದು ತಿಳಿದದ್ದು.

"ಆವತ್ತೂ ಎದ್ದು ನಿಂತಿದ್ರಾ?"

ವಾಕಿಟಾಕಿಯಲ್ಲಿ ಗೊರಗೊರ ಸದ್ದಷ್ಟೇ. ಆಮೇಲೆ...

"ದಿನಾ," ಎಂದ ಅವನು. "ನೀವು ಕನ್ನಡಿ ಮುಂದೆ ನಿಂತಾಗೆಲ್ಲ."

ಅವಳ ಕಣ್ಣಲ್ಲಿ ಓಣಿ ಕಲಸಿಹೋಯಿತು. ನಗು, ಅಳು, ಸಿಟ್ಟು ಮೂರೂ ಒಟ್ಟಿಗೆ ನುಗ್ಗಿ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು. ಅವಳ ಜೀವಮಾನದ ಮೊದಲ ಶೋಧ... ಆ ಹಾಳೆಗಟ್ಟಲೆ ಲೆಕ್ಕ... ಎಲ್ಲಕ್ಕೂ ಮೂಲ ಇವನ ಎರಡು ಕಣ್ಣು! ಮನುಷ್ಯ ಅಡ್ಡ ನಿಲ್ಲಬಾರದು ಎಂದು ಊರಿಗೆಲ್ಲ ಪಾಠ ಹೇಳಿದವನೇ ಅಡ್ಡ ನಿಂತಿದ್ದ. ಅವಳನ್ನು ನೋಡುತ್ತಾ ಪೆಟ್ಟಿಗೆಯ ಮೀಟರು ನೋಡುವುದನ್ನು ಮರೆತಿದ್ದ.

"ನಿಮ್ಮ ಕರಡು ಓದಿದಾಗಲೇ ನಂಗೂ ಗೊತ್ತಾಗಿದ್ದು," ಎಂದ. ದನಿ ತಡವರಿಸುತ್ತಿತ್ತು. "ಅಷ್ಟು ಜನರ ಮುಂದೆ ಹೇಗೆ ಹೇಳ್ಲಿ? ಇವಳನ್ನ ನೋಡೋಕೆ ಎದ್ದು ನಿಲ್ತಿದ್ದೆ ಅಂದಿದ್ರೆ, ನಾಳೆಯಿಂದ ನಿಮ್ಮ ಕೆಲಸದ ಬಗ್ಗೆ ಯಾರೂ ಮಾತಾಡ್ತಿರ್ಲಿಲ್ಲ. ಬರೀ ನಿಮ್ಮ ಬಗ್ಗೆ ಮಾತಾಡ್ತಿದ್ರು. ತಪ್ಪು ಅಳತೆ ಅಚ್ಚಾಗೋಕೂ ಬಿಡೋ ಹಾಗಿರ್ಲಿಲ್ಲ."

"ನಂಗೊಬ್ಬಳಿಗಾದ್ರೂ ಹೇಳಬಾರದಿತ್ತಾ?" ಅವಳು ಅಳುತ್ತಲೇ ಗದರಿದಳು. "ಸಭೆಗೆ ಮೊದಲು ಎರಡು ದಿನ ಇತ್ತು. ಇಪ್ಪತ್ತು ವರ್ಷ ನಿಮ್ಮನ್ನ ಹೊಟ್ಟೆಕಿಚ್ಚಿನ ಮನುಷ್ಯ ಅಂದ್ಕೊಂಡಿದ್ದೆ."

"ಆ ಎರಡು ದಿನ ಧೈರ್ಯ ಸಾಲಲಿಲ್ಲ. ಅದು ನನ್ನ ತಪ್ಪೇ," ಎಂದ. "ಆಮೇಲೆ ಫೋನ್ ಮಾಡಿದ್ದೆ. ನೀವಿಲ್ಲ ಅಂದ್ರು ನಿಮ್ಮಮ್ಮ. ಹಿಂದೆ ನೀವು ಕೆಮ್ಮಿದ್ದು ಕೇಳಿಸ್ತು."

ಅವಳು ಗಾಡಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿ‌ದುಕೊಂಡಳು. ಬಾಗಿಲು ಹಾಕಿಕೊಂಡವಳು ತಾನೇ. ಬಡಿಯಲಿಲ್ಲವೆಂದು ಇಷ್ಟು ವರ್ಷ ಮುನಿಸಿಕೊಂಡವಳೂ ತಾನೇ.

ಔಷಧಿ ಅಂಗಡಿಯವನು ಕೌಂಟರಿನಿಂದ ಇಣುಕಿ, ತಲೆಸುತ್ತಾ ಮೇಡಂ, ನೀರು ಕೊಡಲಾ ಎಂದು ಕೇಳಿದ. ಬೇಡವೆಂದು ಕೈಯಾಡಿಸಿ, ಅವಳು ಕಣ್ಣೊರೆಸಿಕೊಂಡಳು. ಹೆಡ್‌ಫೋನಿನಲ್ಲಿ ಸಿಳ್ಳೆ ಇನ್ನೂ ಸಣ್ಣಗೇ ಇತ್ತು. ಅವನು ಕೂತಿರಲಿಲ್ಲ.

"ಕೂತ್ಕೊಳ್ಳಿ. ಸಿಗ್ನಲ್ ಬಿದ್ದಿದೆ."

"ಬಿದ್ದಿರ್ಲಿ," ಎಂದ ಮೌನಿ.

ಅವಳಿಗೆ ನಗು ತಡೆಯಲಾಗಲಿಲ್ಲ. ಅಂಚೆ ಡಬ್ಬಿಯವರೆಗೆ ಹೋಗಬೇಕಿದ್ದ ಗಾಡಿಯ ಚಕ್ರಕ್ಕೆ ಬ್ರೇಕು ಹಾಕಿದಳು. ಹೆಡ್‌ಫೋನು ತೆಗೆದು ಕಂಪ್ಯೂಟರಿನ ಮೇಲಿಟ್ಟಳು. ಕಿಟಕಿಯತ್ತ ಮುಖವೆತ್ತಿ, ಕೆದರಿದ ಕೂದಲನ್ನು ಹಾಗೆಯೇ ಬಿಟ್ಟು ನಿಂತಳು.

"ಅಮ್ಮ ಒಂದು ಮಾತು ಹೇಳ್ತಾಳೆ," ಎಂದಳು. "ಲೈನು ಕಟ್ಟಾದ್ರೆ ಮೊದಲು ಮಾಡಿದವರೇ ಮತ್ತೆ ಮಾಡ್ಬೇಕಂತೆ. ಇನ್ನೊಬ್ಬರು ಲೈನು ಖಾಲಿ ಇಟ್ಕೊಂಡು ಕಾಯ್ಬೇಕಂತೆ."

ಕಿಟಕಿಯಿಂದ ಕಣ್ಣು ತೆಗೆಯದೆ ಅವಳು ಮತ್ತೆ ಗುಂಡಿ ಒತ್ತಿದಳು.

"ನಾನು ಖಾಲಿ ಇಟ್ಕೊಂಡೇ ಇದೀನಿ..."

ಕಿಟಕಿಯ ಆಕೃತಿ ತಲೆ ತಗ್ಗಿಸಿತು. ತೋಳಿನಿಂದ ಮುಖ ಒರೆಸಿಕೊಂಡಿತು. ಆಮೇಲೆ ವಾಕಿಟಾಕಿ ಕರಕರ ಎಂದಿತು.

"ಹಲೋ... ಗಾಡಿ ಮೇಡಂ... ಕೇಳಿಸ್ತಿದೆಯಾ?"

"ಕೇಳಿಸ್ತಿದೆ," ಎಂದಳು ಅವಳು. "ಹೇಳು."